ಕ್ಲಬ್ಬಿನ ವಯಸ್ಸು ಹುಡುಕಿದ್ದು

2022ರ ಮಳೆಗಾಲದಲ್ಲಿ ಒಂದು ಆದಿತ್ಯವಾರ ನಮ್ಮ ಫುಟ್ಬಾಲ್ ಕ್ಲಬ್ಬಿನ ರೂಮಲ್ಲಿ ಮೀಟಿಂಗ್ ಇತ್ತು, ನಾನು ಲೇಟಾಗಿ ಹೋದೆ, ಹೋಗುವಾಗ ಎಲ್ಲ ಡಿಸೈಡ್ ಆಗಿತ್ತು. ಕ್ಲಬ್ಬಿಗೆ 60 ವರ್ಷ, ವರ್ಲ್ಡ್ ಕಪ್ ಬೇರೆ ಬರ್ತಾ ಉಂಟು, ಡಿಸೆಂಬರಲ್ಲಿ ಒಂದು ಟೂರ್ನಮೆಂಟ್ ಮಾಡುವ, ಒಂದು ಸ್ಮರಣ ಸಂಚಿಕೆ ತರುವ, ಅದರಲ್ಲಿ ಕ್ಲಬ್ಬಿನ ಚರಿತ್ರೆ ಇವ ಬರೀತಾನೆ ಅಂತ. ಇವ ಅಂದ್ರೆ ನಾನು. ನನಗೆ ಬರೆಯಲಿಕ್ಕೆ ಬರ್ತದೆ ಅಂತ ಯಾರು ಹೇಳಿದ್ದೋ ಗೊತ್ತಿಲ್ಲ, ಎಂಟು ವರ್ಷ ಲೆಫ್ಟ್ ಬ್ಯಾಕ್ ಆಡಿದ್ದೇನೆ, ಈಗ ಒಂದು ಸೊಸೈಟಿಯಲ್ಲಿ ಕ್ಲರ್ಕು, ಕನ್ನಡ ಮೀಡಿಯಮಲ್ಲಿ ಕಲಿತವ, ಇಷ್ಟೇ ನನ್ನ ಕ್ವಾಲಿಫಿಕೇಷನ್.

ನಮ್ಮೂರು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ ಬದಿಯಡ್ಕದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಪೇಟೆ. ಫುಟ್ಬಾಲಿಗೆ ಹೆಸರಿದ್ದದ್ದು ಇತ್ತ ಮೊಗ್ರಾಲಿಗೆ, ಅತ್ತ ದಕ್ಷಿಣದಲ್ಲಿ ತೃಕ್ಕರಿಪುರಕ್ಕೆ. 2016ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲಲ್ಲಿ ಕೇರಳ ಬ್ಲಾಸ್ಟರ್ಸಿಗೆ ಹೆಡ್ಡರ್ ಹೊಡೆದ ಮುಹಮ್ಮದ್ ರಾಫಿ ತೃಕ್ಕರಿಪುರದವ. ನಮ್ಮ ಕ್ಲಬ್ಬಿನಿಂದ ಅಂಥವರು ಯಾರೂ ಹೋಗಲಿಲ್ಲ. ಹಾಗಾದ್ರೆ ಚರಿತ್ರೆ ಅಂತ ಎಂತ ಬರೆಯುವುದು? ನಾನು ಕೂಡ ಶುರುವಿಗೆ ಗೆದ್ದ ಕಪ್ಪುಗಳ ಪಟ್ಟಿ, ಪ್ರೆಸಿಡೆಂಟರ ಪಟ್ಟಿ, ಎರಡು ಫೋಟೋ ಹಾಕಿ ಮುಗಿಸುವ ಅಂತಲೇ ಇದ್ದೆ.

ಕುತ್ತ ಶುರುವಾದದ್ದು ಕಪ್ಪು ಒರೆಸುವಾಗ. ಬೋರ್ಡಿನಲ್ಲಿ 'ಸ್ಥಾಪನೆ 1962' ಅಂತ ಉಂಟು, ನಾನು ಹುಟ್ಟಿದಾಗಿಂದ ಉಂಟು. ರೂಮಿನ ಅಲಮಾರಿಯಲ್ಲಿ ಎಲ್ಲಕ್ಕಿಂತ ಹಳೇ ಶೀಲ್ಡ್ ಒಂದುಂಟು, ಅದನ್ನು ಹುಣಸೆಹುಳಿ ಹಾಕಿ ಉಜ್ಜಿದಾಗ ಕೆಳಗಿನ ತಗಡಿನಲ್ಲಿ 1962 ಕಂಡಿತು. ಅಂದ್ರೆ ನಮ್ಮವರು ಕ್ಲಬ್ ಹುಟ್ಟಿದ ವರ್ಷವೇ ಶೀಲ್ಡ್ ಗೆದ್ರಾ? ಹನ್ನೊಂದು ಜನಕ್ಕೆ ಸರಿಯಾದ ಬೂಟಿಲ್ಲದ ಟೀಮು? ನನಗೆ ಡೌಟು ಬಂತು. ಬೋರ್ಡ್ ಬರೆದ ಪೈಂಟರ್ ಈಗ ಇಲ್ಲ, ಅವನಿಗೆ ಅಂದು ಯಾರೋ ಶೀಲ್ಡ್ ನೋಡಿ ವರ್ಷ ಹೇಳಿರಬೇಕು. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ನೋಡುವ ಅಂದ್ರೆ ಅದು ಇನ್ನೂ ಎಷ್ಟೋ ವರ್ಷ ಕಳೆದು ಮಾಡಿದ್ದು. ನಮ್ಮ ಮಲಬಾರ್ ಕಡೆ ಕ್ಲಬ್ಬುಗಳ ರಿಜಿಸ್ಟ್ರೇಷನ್ ಈಗಲೂ 1860ರ ಸೊಸೈಟಿ ಕಾಯ್ದೆಯಲ್ಲಿ, ತಿರುವಾಂಕೂರು-ಕೊಚ್ಚಿ ಕಡೆಗೆ ಬೇರೆ ಕಾಯ್ದೆ, ಇದು ಕೂಡ ನನಗೆ ಆಗಲೇ ಗೊತ್ತಾದದ್ದು.

ಮತ್ತೆ ನಾನು ಮಾಡಿದ ತಪ್ಪು ಎಂತದು ಅಂದ್ರೆ, ಸೀದಾ ಹಳಬರ ಮನೆಗೆ ಹೋಗಿ "ಅಜ್ಜ, ಕ್ಲಬ್ ಶುರುವಾದದ್ದು ಯಾವ ವರ್ಷ?" ಅಂತ ಕೇಳಿದ್ದು. ಆರು ಜನರ ಹತ್ತಿರ ಕೇಳಿದೆ, ಐದು ವರ್ಷ ಸಿಕ್ಕಿತು. ಆಮೇಲೆ ಕೇಳುವ ಕ್ರಮ ಬದಲಾಯಿಸಿದೆ. ಆಗ ನಿಮಗೆ ಮದುವೆ ಆಗಿತ್ತಾ, ಚೆಂಡು ಯಾರ ಮನೇಲಿ ಇಡ್ತಿದ್ದದ್ದು, ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯಾ ಮೊದಲಾ, ಎಮರ್ಜೆನ್ಸಿಯ ಮೇಲೆಯಾ ಮೊದಲಾ, ನಮ್ಮದು ಬೇರೆ ಜಿಲ್ಲೆ ಆಗಿತ್ತಾ ಅಥವಾ ಇನ್ನೂ ಕಣ್ಣೂರು ಜಿಲ್ಲೆಯೇ ಆಗಿತ್ತಾ, ಹೀಗೆ. 1956 ನವೆಂಬರ್ 1, 1975, 1984 ಮೇ 24, ಈ ಮೂರು ಗೂಟ ಹುಗಿದು ಇಟ್ಟುಕೊಂಡ್ರೆ ಎಂಥ ಅಜ್ಜನ ಕಥೆಯನ್ನೂ ಎಲ್ಲೋ ಒಂದು ಕಡೆ ಕಟ್ಟಿ ಹಾಕ್ಲಿಕ್ಕೆ ಆಗ್ತದೆ. ಇನ್ನೊಂದು, ಇಬ್ಬರು ಹಳಬರನ್ನು ಒಟ್ಟಿಗೆ ಕೂರಿಸಬಾರದು. ನಾನು ಕೂರಿಸಿದೆ. 1968ರ ಸುಮಾರಿಗೆ ತಪ್ಪಿದ ಒಂದು ಪೆನಾಲ್ಟಿಗೆ ಅವರು 2022ರಲ್ಲಿ ಮಾತು ಬಿಟ್ಟರು.

ಕ್ಲಬ್ಬಿನ ಹಳೇ ಲೆಕ್ಕದ ನೋಟ್ ಬುಕ್ ಸಿಕ್ಕಿದ್ದು ಹಳೇ ಟ್ರೆಶರರ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಯ ಹಿಂದೆ ಒಂದು ಟ್ರಂಕಲ್ಲಿ. ಅವರು ತೀರಿಹೋಗಿ ತುಂಬ ವರ್ಷ ಆಯ್ತು. ಅವರ ಸೊಸೆ, ಅವರನ್ನು ನಾವೆಲ್ಲ ಅತ್ತೆ ಅಂತಲೇ ಕರೆಯುವುದು, "ಗೆದ್ದಲು ತಿಂದದ್ದು ಬಿಟ್ಟು ಉಳಿದದ್ದು ನಿಂಗೆ" ಅಂತ ಟ್ರಂಕ್ ಇಳಿಸಿ ಕೊಟ್ರು. ನಾನು ಮನೆಗೆ ತರಲಿಲ್ಲ, ಅಲ್ಲೇ ಜಗಲಿಯಲ್ಲಿ ಕೂತು ಒಂದೊಂದೇ ಪುಟದ ಫೋಟೋ ಮೊಬೈಲಲ್ಲಿ ತೆಗೆದೆ. ತಂದ ಪುಸ್ತಕ ವಾಪಸ್ ಹೋಗುವುದಿಲ್ಲ, ಅದು ನಮ್ಮೂರಿನ ಕ್ರಮ, ಅತ್ತೆಗೂ ಗೊತ್ತು ನನಗೂ ಗೊತ್ತು.

ಲೆಕ್ಕದ ಪುಸ್ತಕ ಅಂದ್ರೆ ನನಗೆ ದಿನಾ ನೋಡುವ ವಸ್ತು, ಹಾಗಾಗಿ ಮೊದಲ ಪುಟಕ್ಕೇ ಕಣ್ಣು ನಿಂತಿತು. ಮೂರು ಕಾಲಂ, ರೂ, ಆ, ಪೈ. ರೂಪಾಯಿ, ಆಣೆ, ಪೈ. ಮೊದಲ ಪುಟ ಪೂರ್ತಿ ಚೆಂಡು ತರ್ಲಿಕ್ಕೆ ಎತ್ತಿದ ವಂತಿಗೆ, ಎಂಟಾಣೆ, ನಾಲ್ಕಾಣೆ, ಒಬ್ಬನದ್ದು 'ತೆಂಗಿನಕಾಯಿ 4' ಅಂತ ಉಂಟು, ದುಡ್ಡಿಲ್ಲ ಪಾಪ. ಆದ್ರೆ ವರ್ಷ ಎಲ್ಲಿಯೂ ಬರೆದಿಲ್ಲ ಮಾರಾಯ್ರೆ! ತಾರೀಕು ಉಂಟು, ತಿಂಗಳು ಉಂಟು, ಅದೂ ತುಳು ತಿಂಗಳು, ಮಾಯಿ, ಸುಗ್ಗಿ, ಪಗ್ಗು, ಬೇಶ. ವರ್ಷ ಅವರಿಗೆ ಗೊತ್ತಿತ್ತಲ್ಲ, ಬರೆಯುವುದು ಯಾಕೆ.

ನಮ್ಮ ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು 1957 ಏಪ್ರಿಲ್ 1ಕ್ಕೆ. ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿ ಆಯ್ತು. ಸರಿ, ಹಾಗಾದ್ರೆ ಪುಸ್ತಕ 57ಕ್ಕಿಂತ ಹಿಂದಿನದ್ದು ಅಂತ ನಾನು ಅಲ್ಲೇ ಕುಣಿದೆ. ರಾತ್ರಿ ಮಲಗಿದ ಮೇಲೆ ಯೋಚನೆ ಬಂತು, ನಾವು ಸಣ್ಣದಿರುವಾಗ 25 ಪೈಸೆಗೆ ನಾಲ್ಕಾಣೆ ಅಂತಲೇ ಹೇಳ್ತಿದ್ದದ್ದಲ್ವಾ, ಈ ಟ್ರೆಶರರೂ ಹಠಕ್ಕೆ 1965ರ ತನಕ ಆಣೆಯಲ್ಲೇ ಬರೆದಿದ್ರೆ? ಮರುದಿನ ಫೋಟೋಗಳನ್ನು ಪುನಃ ಒಂದೊಂದೇ ನೋಡಿದೆ. ಎರಡನೇ ವರ್ಷದ ಪಗ್ಗು ತಿಂಗಳಿನ ಒಂದು ಪುಟದಲ್ಲಿ 'ಆ' ಕಾಲಮಿನ ಗೆರೆ ಹೊಡೆದು ಮೇಲೆ 'ನ.ಪೈ.' ಅಂತ ಬರೆದಿದ್ದಾರೆ, ಪಕ್ಕದಲ್ಲಿ ಆಣೆಯನ್ನು ಪೈಸೆಗೆ ತಿರುಗಿಸಿದ ಕೂಡು-ಕಳೆ ಲೆಕ್ಕ, ಒಂದು ಕಡೆ ತಪ್ಪಾಗಿ ಪುನಃ ಹೊಡೆದು ಹಾಕಿದ್ದಾರೆ. ಅದಕ್ಕಿಂತ ಎರಡು ಪುಟ ಹಿಂದೆ, ಮಾಯಿ ತಿಂಗಳಲ್ಲಿ ಒಂದು ಸಾಲು: 'ಓಟಿನ ಬಾಬ್ತು ಶಾಲೆ ಮೈದಾನ ಸಿಗಲಿಲ್ಲ. ಆಟ ಇಲ್ಲ.'

ಮಾಯಿ ಅಂದ್ರೆ ಫೆಬ್ರವರಿ ಅರ್ಧದಿಂದ ಮಾರ್ಚ್ ಅರ್ಧ. ಕೇರಳ ಆದ ಮೇಲೆ ಮೊದಲ ಅಸೆಂಬ್ಲಿ ಇಲೆಕ್ಷನ್ ಆದದ್ದು 1957 ಫೆಬ್ರವರಿ 28ರಿಂದ ಮಾರ್ಚ್ 11ರ ತನಕ, ಏಪ್ರಿಲ್ 5ಕ್ಕೆ ಇಎಂಎಸ್ ನಂಬೂದಿರಿಪಾಡರ ಮಂತ್ರಿಮಂಡಲ ಬಂತು. ಓಟು ಮಾಯಿಯಲ್ಲಿ, ನಯಾ ಪೈಸೆ ಪಗ್ಗುವಿನಲ್ಲಿ, ಎರಡೂ ಕೂಡಿ ಬಂತು. ಅಲ್ಲಿಂದ ಹಿಂದೆ ಎಣಿಸಿದ್ರೆ ಮೊದಲ ಪುಟದ ಮಾಯಿ 1956ರದ್ದು. ಅಂದ್ರೆ ಚೆಂಡಿಗೆ ವಂತಿಗೆ ಎತ್ತುವಾಗ ನಮ್ಮೂರು ಕೇರಳದಲ್ಲಿ ಇರಲೇ ಇಲ್ಲ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ! ಚೆಂಡು ಮಂಗಳೂರಿಂದ ತಂದದ್ದು ಒಂದೇ ಜಿಲ್ಲೆಯೊಳಗೆ ತಂದ ಹಾಗೆ, ಬ್ಲಾಡರ್ ಪಂಕ್ಚರ್ ಆಗಿ ಎರಡನೇ ಸಲ ಹೋಗುವಾಗ ಮಂಗಳೂರು ಬೇರೆ ರಾಜ್ಯ. ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ, ಬಸ್ ಚಾರ್ಜು ಮಾತ್ರ ಉಂಟು. ನಾನು ನವೆಂಬರ್ ತಿಂಗಳಿನ ಆ ಪುಟವನ್ನು ಎಷ್ಟು ಸಲ ಝೂಮ್ ಮಾಡಿ ನೋಡಿದೆನೋ, ಎಂತದಾದರೂ ಒಂದು ಸಾಲು ಇರಬಹುದು ಅಂತ. ಇದ್ದದ್ದು 'ಗೋಲ್ ಕಂಬಕ್ಕೆ ಅಡಿಕೆ ಮರ 2, ಹೊತ್ತವರಿಗೆ ಚಾ' ಅಂತ.

ಆಗಿನ ಚೆಂಡು ನಾನು ನೋಡಿದವನಲ್ಲ. ಚರ್ಮದ ಚೆಂಡು, ಒಳಗೆ ರಬ್ಬರ್ ಬ್ಲಾಡರ್, ಬಾಯಿಗೆ ಬೂಟಿನ ಹಾಗೆ ಲೇಸ್ ಕಟ್ಟುವುದು, ಮಳೆಗೆ ನೀರು ಕುಡಿದು ಹಲಸಿನ ಹಣ್ಣಿನ ಹಾಗೆ ಭಾರ, ಹೆಡ್ ಮಾಡುವಾಗ ಲೇಸ್ ಇರುವ ಕಡೆ ಹಣೆಗೆ ಬಿದ್ರೆ ಎರಡು ದಿನ ಗುರುತು. ನಮ್ಮ ಹಳೇ ಗೋಲ್ ಕೀಪರ್ ಇಚ್ಚ (ನಮ್ಮಲ್ಲಿ ಕೆಲವು ಹಿರಿಯರನ್ನು ಹಾಗೆ ಕರೆಯುವುದು) ಈಗಲೂ ಹಣೆ ಮುಟ್ಟಿ ತೋರಿಸ್ತಾರೆ. ಆಟ ಸುಗ್ಗಿ ಕೊಯ್ಲು ಕಳೆದ ಮೇಲೆ ಗದ್ದೆಯಲ್ಲಿ, ಮಳೆ ಹಿಡಿದ್ರೆ ಮೇಲೆ ಪದವಿನಲ್ಲಿ. ಪದವು ಅಂದ್ರೆ ಮುರಕಲ್ಲು, ಅಲ್ಲಿ ಬಿದ್ದವನ ಮೊಣಕಾಲು ಹೇಗಿರ್ತದೆ ಅಂತ ಆಡಿದವನಿಗೇ ಗೊತ್ತು. ಅದರಲ್ಲೂ ಬರಿಗಾಲು. 1948ರ ಲಂಡನ್ ಒಲಿಂಪಿಕ್ಸಲ್ಲಿ ಇಂಡಿಯಾ ಟೀಮಿನ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸಿಗೆ 2-1ರಲ್ಲಿ ಸೋತದ್ದು, 52ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ 10-1 ಹೊಡೆದ ಮೇಲೆ ಬೂಟು ಕಡ್ಡಾಯ ಆದದ್ದು ಎಲ್ಲರೂ ಹೇಳುವ ಕಥೆ, ನಮ್ಮ ಪದವಿಗೆ ಆ ರೂಲು ಬರ್ಲಿಕ್ಕೆ ಇನ್ನೊಂದು ಇಪ್ಪತ್ತು ವರ್ಷ ಹಿಡಿಯಿತು. ಇಚ್ಚ ಹೇಳುವುದು, ಕ್ಲಬ್ಬಲ್ಲಿ ಎರಡು ಜೊತೆ ಬೂಟಿತ್ತು, ಅದು ಯಾರ ಕಾಲಿಗೆ ಆಗ್ತದೋ ಅವ ಫಾರ್ವರ್ಡ್ ಅಂತ.

ಫೋಟೋದ ಕಥೆ ಬೇರೆ. ರೂಮಿನ ಗೋಡೆಯಲ್ಲಿ ಒಂದು ಗ್ರೂಪ್ ಫೋಟೋ, ಅದು '1964ರ ಟೀಮ್' ಅಂತಲೇ ಎಲ್ಲರೂ ಹೇಳುವುದು. ಯಾರೋ ಪುಣ್ಯಾತ್ಮ ಅದನ್ನು ಲ್ಯಾಮಿನೇಷನ್ ಮಾಡಿಸಿದ್ದಾನೆ, ಹಿಂದೆ ಎಂತ ಬರೆದದ್ದಿತ್ತೋ ಅದು ಹೋಯ್ತು. (ಹಳೇ ಫೋಟೋ ಇರುವವರು ದಯವಿಟ್ಟು ಲ್ಯಾಮಿನೇಷನ್ ಮಾಡಬೇಡಿ, ಕೈ ಮುಗೀತೇನೆ.) ಅದರಲ್ಲಿ ಕ್ಯಾಪ್ಟನ್ ಕಾಲ ಬುಡದಲ್ಲಿ ಇರುವ ಚೆಂಡು ಕಪ್ಪು-ಬಿಳಿ, ಐದು ಮೂಲೆಯ ಕಪ್ಪು ತುಂಡು, ಆರು ಮೂಲೆಯ ಬಿಳಿ ತುಂಡು. 12 ಕಪ್ಪು, 20 ಬಿಳಿಯ ಆ ಚೆಂಡು ಲೋಕಕ್ಕೆಲ್ಲ ಗೊತ್ತಾದದ್ದು 1970ರ ಮೆಕ್ಸಿಕೋ ವರ್ಲ್ಡ್ ಕಪ್ಪಲ್ಲಿ, ಅಡಿಡಾಸಿನ ಟೆಲ್‌ಸ್ಟಾರ್, ಬ್ಲ್ಯಾಕ್ ಎಂಡ್ ವೈಟ್ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಆ ಬಣ್ಣ. ಅದರ ನಕಲು ನಮ್ಮೂರಿಗೆ 64ರಲ್ಲಿ ಬರ್ಲಿಕ್ಕುಂಟಾ? ವಾಟ್ಸಾಪ್ ಗ್ರೂಪಿಗೆ ಹಾಕಿದೆ, ರಾತ್ರಿ ಹನ್ನೊಂದರವರೆಗೆ ಜಗಳ, ಅದರ ಮಧ್ಯೆ ಇಬ್ಬರು ಗುಡ್ ನೈಟ್ ಹೂವು ಕಳಿಸಿದ್ರು. ಕೊನೆಗೆ ಫೋಟೋದಲ್ಲಿ ಕೂತವರ ಎಡದಿಂದ ಮೂರನೆಯವರು, ಈಗ ಉಪ್ಪಳದಲ್ಲಿ ಮಗಳ ಮನೆಯಲ್ಲಿ ಇರುವವರು, ಫೋನ್ ಮಾಡಿ "ಅದು ನಾನು ದುಬೈಗೆ ಹೋಗುವ ಮುಂಚಿನ ವಾರ ತೆಗೆದದ್ದು ಮೋನೆ, ನನ್ನ ಸೆಂಡಾಫ್" ಅಂದ್ರು. ಯಾವಾಗ ಹೋದದ್ದು ಇಚ್ಚ ಅಂದೆ. "ಅದು ನೆನಪಿಲ್ಲ, ಪಾಸ್‌ಪೋರ್ಟ್ ಉಂಟು." ಮರುದಿನವೇ ಹೋದೆ. ಹಳೇ ಪಾಸ್‌ಪೋರ್ಟಲ್ಲಿ ಸೀಲು 1977. ಗೋಡೆಯ ಮೇಲೆ ಹದಿಮೂರು ವರ್ಷ ಹೆಚ್ಚು ಹೇಳ್ಕೊಂಡು ಕೂತಿದ್ದ ಫೋಟೋ ಅದು.

ಇಂಥದ್ದೇ ಇನ್ನೊಂದು, ರೆಡ್ ಕಾರ್ಡ್. ನಮ್ಮ ಹಳೇ ಸ್ಟಾಪರ್ (ಡಿಫೆಂಡರ್) ಒಬ್ಬರು 66ರಲ್ಲಿ ನಮ್ಮ ಕ್ಲಬ್ ಆಡಿದ ಒಂದು ಫೈನಲಲ್ಲಿ ರೆಫ್ರಿ ತನಗೆ ಕೆಂಪು ಕಾರ್ಡ್ ತೋರಿಸಿದ ಕಥೆಯನ್ನು ಐವತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ, ಕೈ ಎತ್ತಿ ತೋರಿಸುವ ಆಕ್ಷನ್ ಸಮೇತ. ಕಾರ್ಡ್ ಶುರುವಾದದ್ದೇ 1970ರ ವರ್ಲ್ಡ್ ಕಪ್ಪಿನಿಂದ. ಮೆಲ್ಲ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಉಂಟಲ್ಲ, "ನೀನು ಇದ್ದೆಯಾ ಅಲ್ಲಿ?" ಇರಲಿಲ್ಲ ಮಾವ. ಸಂಚಿಕೆಯಲ್ಲಿ 'ರೆಫ್ರಿ ಹೊರಗೆ ಹಾಕಿದರು' ಅಂತ ಮಾತ್ರ ಬರೆದೆ. ಅವರು ಸುಳ್ಳು ಹೇಳ್ತಾರೆ ಅಂತ ನನಗೆ ಅನಿಸುವುದಿಲ್ಲ, ಹೊರಗೆ ಹಾಕಿದ್ದು ಹೌದು, ಆಮೇಲೆ ಟಿವಿಯಲ್ಲಿ ನೋಡಿ ನೋಡಿ ರೆಫ್ರಿ ಕೈಗೆ ಕಾರ್ಡ್ ಬಂದದ್ದು.

ಮಿನಿಟ್ಸ್ ಪುಸ್ತಕ ಮೂರು ಸಿಕ್ಕಿತು, ಉಳಿದದ್ದು ಹಳೇ ರೂಮ್ ಕೆಡವುವಾಗ ಜೆಸಿಬಿಯ ಪಾಲು. ಮೊದಲ ಎರಡು ಕನ್ನಡದಲ್ಲಿ, ಮೂರನೆಯದ್ದು ಅರ್ಧಕ್ಕೆ ಮಲಯಾಳ, ಸೆಕ್ರೆಟರಿ ಬದಲಾದ ದಿನ ಅಕ್ಷರವೂ ಬದಲು. ಮಲಯಾಳದ ಪುಟ ಓದಿ ಹೇಳಿದ್ದು ಒಂಬತ್ತನೇ ಕ್ಲಾಸಿನ ನನ್ನ ಮಗಳು, ನನಗೆ ಬಸ್ಸಿನ ಬೋರ್ಡ್ ಓದುವಷ್ಟು ಮಾತ್ರ ಬರುವುದು. ಕನ್ನಡದ ಪುಟಗಳಲ್ಲಿ 1974 ಜನವರಿಯ ಒಂದು ಠರಾವು ಉಂಟು, ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಫುಟ್ಬಾಲ್ ಟೂರ್ನಮೆಂಟ್) ಮೊದಲ ಸಲ ಗೆದ್ದ ಕೇರಳ ತಂಡಕ್ಕೆ ಅಭಿನಂದನೆ. 73ರ ಡಿಸೆಂಬರಲ್ಲಿ ಎರ್ನಾಕುಳಂ ಫೈನಲಲ್ಲಿ ರೈಲ್ವೇಸನ್ನು 3-2ರಲ್ಲಿ ಸೋಲಿಸಿದ್ದು, ಮೂರೂ ಗೋಲು ಕ್ಯಾಪ್ಟನ್ ಮಣಿಯದ್ದು. ಅದಕ್ಕೆ ಐದಾರು ವರ್ಷ ಮೊದಲು ಮೈಸೂರು ರಾಜ್ಯ (ಈಗಿನ ಕರ್ನಾಟಕ) ಎರಡು ಸಲ ಸಾಲಾಗಿ ಅದೇ ಟ್ರೋಫಿ ಗೆದ್ದಾಗಲೂ ಠರಾವು ಮಾಡಿದ್ರಾ ಅಂತ ಹುಡುಕಿದೆ. ಆ ವರ್ಷಗಳ ಪುಸ್ತಕವೇ ಜೆಸಿಬಿಗೆ ಹೋದದ್ದು. ಆಗ ಇದ್ದ ಮಾಷ್ಟ್ರೊಬ್ಬರ ಹತ್ತಿರ ಕೇಳಿದೆ, ನೀವು ಯಾವ ಸೈಡು ಅಂತ. "ಮೈಸೂರು ಗೆದ್ದಾಗ ನಮ್ಮವರು ಅಂದೆವು, ಕೇರಳ ಗೆದ್ದಾಗಲೂ ನಮ್ಮವರು ಅಂದೆವು, ಅವರಿಬ್ಬರೂ ಎದುರೆದುರು ಬಂದಾಗ ರೇಡಿಯೋ ಆಫ್" ಅಂತ ನಕ್ಕರು.

ಸೆವೆನ್ಸ್, ಅಂದ್ರೆ ಟೀಮಿಗೆ ಏಳೇ ಜನ ಆಡುವ ಫುಟ್ಬಾಲ್, ಆ ಕಾಲದ್ದು ಹೆಚ್ಚು ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುವುದೇ, ಬಯಲಲ್ಲಿ ಅಡಿಕೆ ಮರದ ಗ್ಯಾಲರಿ, ಟಿಕೆಟು, ಜೀಪಲ್ಲಿ ಮೈಕು, ಹೊರಗಿನಿಂದ ದುಡ್ಡು ಕೊಟ್ಟು ತಂದ ಆಟಗಾರರು, ಸೆಮಿಫೈನಲಿಗೆ ಅಕಾಲ ಮಳೆ, ಸಾಲ. ಸಾಲ ತೀರಿಸಿದವರು ಹೆಸರು ಹಾಕಬೇಡ ಅಂದ್ರು.

ಬರೆಯದೆ ಬಿಡಲಿಕ್ಕೆ ಆಗದ್ದು ಒಂದು ಸಾಲು. ಆಣೆ ಪುಸ್ತಕದಲ್ಲಿ ಪ್ರತಿ ತಿಂಗಳು ಬರ್ತದೆ, 'ಬನಿಯನ್ ಒಗೆದ ಬಾಬ್ತು 0-6-0', ನಯಾ ಪೈಸೆ ಆದ ಮೇಲೆ 37. ಲೆಕ್ಕ ಹಾಕಿದ್ರೆ ಆರಾಣೆ ಅಂದ್ರೆ ಮೂವತ್ತೇಳೂವರೆ ಪೈಸೆ, ಅರ್ಧ ಪೈಸೆ ಕ್ಲಬ್ಬು ನುಂಗಿದೆ. ಚಾ ಕೊಟ್ಟವನ ಹೆಸರುಂಟು, ಮರ ಹೊತ್ತವರ ಹೆಸರುಂಟು, ಒಗೆದವರದ್ದಿಲ್ಲ. ಅತ್ತೆಯ ಹತ್ತಿರ ಕೇಳಿದಾಗ ಥಟ್ಟಂತ ಹೇಳಿದ್ರು, ತೋಡಿನ ಹತ್ತಿರ ಇದ್ದ ಒಬ್ಬಜ್ಜಿ, ಬಿಳಿ ಬನಿಯನಿಗೆ ನೀಲಿ ಬಣ್ಣ ಹಾಕಿ ಕೊಡ್ತಿದ್ದದ್ದೂ ಅವರೇ, ಮಳೆಗೆ ಬಣ್ಣ ಬಿಟ್ಟು ಆಟಗಾರರ ಮೈಯೆಲ್ಲ ನೀಲಿ ಆಗ್ತಿತ್ತಂತೆ. ನಮ್ಮ ಜೆರ್ಸಿ ಇವತ್ತಿಗೂ ನೀಲಿ, ನಾವೆಲ್ಲ ಅದು ಇಂಡಿಯಾ ಟೀಮಿನ ಬಣ್ಣ ಅಂತ ತಿಳ್ಕೊಂಡಿದ್ದೆವು. ಅಜ್ಜಿಯ ಮೊಮ್ಮಗಳ ಹತ್ತಿರ ಕೇಳಿ ಅವರ ಹೆಸರು ಸಂಚಿಕೆಯಲ್ಲಿ ಹಾಕಿದೆ, ಒಂದು ಫೋಟೋ ಇದ್ದದ್ದನ್ನೂ ಕೊಟ್ಟೆ, ಪ್ರೆಸ್ಸಿನವರು ಅದನ್ನು ಕಳೆದು ಹಾಕಿ ಆ ಜಾಗಕ್ಕೆ ಒಂದು ಬಟ್ಟೆ ಅಂಗಡಿಯ ಜಾಹೀರಾತು ಹಾಕಿದ್ರು. ಅದಕ್ಕೆ ನಾನು ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಲೇಖನ ಮುಗಿಸಿ ಕಮಿಟಿಗೆ ಕೊಟ್ಟಾಗ ಒಂದು ಸಮಸ್ಯೆ. ಚರಿತ್ರೆಯ ಪ್ರಕಾರ 1956, ಅಂದ್ರೆ 66 ವರ್ಷ. ಫ್ಲೆಕ್ಸು, ರಶೀದಿ ಪುಸ್ತಕ, ಟ್ರೋಫಿ ಎಲ್ಲ 60ರ ಸಂಭ್ರಮ ಅಂತ ಪ್ರಿಂಟ್ ಆಗಿತ್ತು. ಅರ್ಧ ಗಂಟೆ ಚರ್ಚೆ ಆಗಿ, ಚರಿತ್ರೆ ಹಾಗೇ ಇರಲಿ, ಫ್ಲೆಕ್ಸೂ ಹಾಗೇ ಇರಲಿ ಅಂತ ತೀರ್ಮಾನ ಆಯ್ತು. ಹಾಗಾಗಿ ಸಂಚಿಕೆಯ ಮುಖಪುಟದಲ್ಲಿ 60, ಒಳಗೆ ಹನ್ನೆರಡನೇ ಪುಟದಲ್ಲಿ 66. ಇಷ್ಟರವರೆಗೆ ಒಬ್ಬನೂ ಕೇಳಲಿಲ್ಲ.

ಬೋರ್ಡಿಗೆ ಮಾತ್ರ ಹೊಸ ಪೈಂಟ್ ಹೊಡೆಸುವ ಅಂತಾಯ್ತು. ಪೈಂಟರ್ ಬಂದು ಹಳೇದೆಲ್ಲ ಕೆರೆಸಿ, ನೀಲಿ ಹೊಡೆದು, ಹೆಸರು ಬರೆದು, 'ಸ್ಥಾಪನೆ' ಅಂತ ಬರೆದು ಏಣಿಯ ಮೇಲಿಂದಲೇ ನನಗೆ ಫೋನ್ ಮಾಡಿದ, ವರ್ಷ ಎಷ್ಟು ಅಣ್ಣ ಅಂತ. ನಾನು ಪ್ರೆಸಿಡೆಂಟರಿಗೆ ಕೇಳು ಅಂದೆ, ಪ್ರೆಸಿಡೆಂಟರು ಜನರಲ್ ಬಾಡಿಯಲ್ಲಿ ಇಡುವ ಅಂದ್ರಂತೆ. ಆ ಜನರಲ್ ಬಾಡಿ ಇನ್ನೂ ಕೂಡಲಿಲ್ಲ, ಬೋರ್ಡಿನಲ್ಲಿ 'ಸ್ಥಾಪನೆ' ಆದ ಮೇಲೆ ನಾಲ್ಕಕ್ಷರದ ಜಾಗ ಖಾಲಿ ಉಂಟು, ಪೈಂಟರ್ ಬಾಕಿ ಮುನ್ನೂರು ರೂಪಾಯಿಗೆ ಈಗಲೂ ನನಗೇ ಫೋನ್ ಮಾಡ್ತಾನೆ.