ಹೇಂಟೆ ಮಂಕಾದರೆ ಮೊದಲು ಬೆಚ್ಚಗಿಡಿ, ಮದ್ದು ಆಮೇಲೆ

ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಟ್ಟುಕೊಳ್ಳುತ್ತದೆ. ಸೊರಗಿದ್ದನ್ನು ಜೊತೆಯ ಕೋಳಿಗಳೇ ಕುಟುಕಿ ಅಟ್ಟುತ್ತವೆ, ಹಾಗಾಗಿ ಕೈಲಾಗುವಷ್ಟು ಹೊತ್ತೂ ಅದು ಎಲ್ಲವುಗಳ ಜೊತೆ ತಿಪ್ಪೆ ಕೆದಕುತ್ತಲೇ ಇರುತ್ತದೆ. ಪುಕ್ಕ ಉಬ್ಬಿಸಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿತು ಎಂದರೆ ಕಾಯಿಲೆ ನಿನ್ನೆ ಮೊನ್ನೆಯೇ ಶುರುವಾಗಿದೆ ಎಂದು ತಿಳಿಯಿರಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಒಂದು ಗಳಿಗೆ ನಿಂತು ನೋಡಬೇಕು. ಕೊನೆಗೆ ಹೊರಬಂದದ್ದು ಯಾವುದು, ಕಾಳು ಎರಚಿದರೂ ಓಡಿ ಬಾರದ್ದು ಯಾವುದು ಎಂಬುದರಲ್ಲೇ ಅರ್ಧ ಗೊತ್ತಾಗುತ್ತದೆ. ಕಾವಿಗೆ ಕೂತ ಹೇಂಟೆಯೂ ಪುಕ್ಕ ಉಬ್ಬಿಸಿ ಕೂರುತ್ತದೆ, ಮೇವೂ ಕಡಿಮೆ. ಆದರೆ ಕೈ ಚಾಚಿದರೆ ಕೊರಗುಟ್ಟಿ ಕುಟುಕಲು ಬರುತ್ತದೆ. ಕಾಯಿಲೆಯ ಕೋಳಿಗೆ ಆ ಸಿಟ್ಟು ಇರುವುದಿಲ್ಲ.

ಅನುಮಾನ ಬಂದ ಕೂಡಲೇ ಬೇರೆ ಮಾಡಿ. ದೊಡ್ಡ ರಟ್ಟಿನ ಡಬ್ಬಿಯೋ ಅಗಲವಾದ ಕುಕ್ಕೆಯೋ ಸಾಕು. ಕೆಳಗೆ ಭತ್ತದ ಹೊಟ್ಟು ಹಾಕಬೇಡಿ, ಹಿಕ್ಕೆ ಅದರಲ್ಲಿ ಮುಚ್ಚಿಹೋಗುತ್ತದೆ. ಗೋಣಿಚೀಲದ ಮೇಲೆ ಹಳೆ ಪೇಪರ್ ಹಾಸಿದರೆ ಹಿಕ್ಕೆಯ ಬಣ್ಣ ಚೆನ್ನಾಗಿ ಕಾಣುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೇವು ಬಿಟ್ಟ ಹಕ್ಕಿಗೆ ಅಷ್ಟು ಬಿಸಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅದಕ್ಕೆ 40 ಅಥವಾ 60 ವ್ಯಾಟಿನ ಹಳೆ ತಂತಿ ಬಲ್ಬನ್ನು ಒಂದೂವರೆ ಅಡಿ ಮೇಲೆ, ಡಬ್ಬಿಯ ಒಂದೇ ಬದಿಗೆ, ಬೀಳದ ಹಾಗೆ ಭದ್ರವಾಗಿ ತೂಗುಹಾಕಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಾ ದೂರ ಸರಿದರೆ ಬಿಸಿ ಹೆಚ್ಚಾಗಿದೆ, ಬಲ್ಬ್ ಮೇಲಕ್ಕೆತ್ತಿ. ಕರೆಂಟ್ ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಆಮೇಲೆ ನೀರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ನಾಲ್ಕು ಚಹಾ ಚಮಚ ಬೆಲ್ಲದ ಪುಡಿ, ಕಾಲು ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಕೋಳಿಗೆ ಆಗದು. ಬೆಳಿಗ್ಗೆ ಮಾಡಿದ್ದನ್ನು ಸಂಜೆ ಚೆಲ್ಲಿ ಹೊಸದು ಮಾಡಿ, ಇಲ್ಲದಿದ್ದರೆ ಹುಳಿ ಬರುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿದರೆ ಬಹಳ ಕೋಳಿಗಳು ತಾವೇ ಕುಡಿಯುತ್ತವೆ. ಕುಡಿಯದಿದ್ದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ನುಂಗಿದ ಮೇಲೆ ಇನ್ನೊಂದು. ಬಾಯಿ ಅಗಲಿಸಿ ಚಮಚದಲ್ಲಿ ಸುರಿಯುವುದು ದೊಡ್ಡ ತಪ್ಪು. ನಾಲಿಗೆಯ ಹಿಂದೆಯೇ ಉಸಿರಿನ ಕಿಂಡಿ ಇದೆ, ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ರಾತ್ರಿ ಕೋಳಿ ಸತ್ತರೆ ರೋಗ ಕೊಂದಿತು ಎನ್ನುತ್ತೇವೆ, ಕೊಂದದ್ದು ನಮ್ಮ ಚಮಚ. ಬ್ರಾಂದಿ, ಸೀಮೆಎಣ್ಣೆ, ಮನೆಯವರ ಜ್ವರದ ಮಾತ್ರೆ ಇವು ಯಾವುವೂ ಬೇಡ. ಬೆಳ್ಳುಳ್ಳಿ ಜಜ್ಜಿ ಚೂರು ಮೇವಿಗೆ ಬೆರೆಸಿದರೆ ತೊಂದರೆಯಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ತಿನ್ನುವ ಮನಸ್ಸು ತೋರಿದರೆ ಮೆತ್ತಗಿನ ಅನ್ನಕ್ಕೆ ಬೆಂದ ಮೊಟ್ಟೆಯ ಹಳದಿ ಹಿಸುಕಿ, ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ಇಡಿ.

ಹಕ್ಕಿ ಸ್ವಲ್ಪ ಬೆಚ್ಚಗಾದ ಮೇಲೆ ಮೈ ಮುಟ್ಟಿ ನೋಡಿ. ಎದೆಯ ನಡುಮೂಳೆ ಚೂರಿಯ ಅಲಗಿನ ಹಾಗೆ ಕೈಗೆ ತಾಗಿದರೆ ಸೊರಗು ವಾರಗಳಿಂದ ಇದೆ: ಜಂತು, ಹೇನು ಅಥವಾ ಒಳಗಿನ ಹಳೆಯ ಕಾಯಿಲೆ. ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡಿ, ಹೇನು ಹೆಚ್ಚಾಗಿ ಅಲ್ಲೇ. ಕೆಂಪು ನುಸಿ ಮಾತ್ರ ಹಗಲಿನಲ್ಲಿ ಮೈಮೇಲೆ ಸಿಗುವುದಿಲ್ಲ, ಕೂರುವ ಗಳುವಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಜುಟ್ಟು ಬಿಳಿಚಿದ್ದರೆ ರಾತ್ರಿ ಟಾರ್ಚ್ ಹಿಡಿದು ಗಳು ತಡಕಿ.

ಈಗ ಕುತ್ತಿಗೆಯ ಬುಡದ ಮೇವಿನ ಚೀಲ. ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿ ಇರಬೇಕು. ಬೆಳಿಗ್ಗೆಯೂ ಗಟ್ಟಿ ಗಡ್ಡೆಯಾಗಿದ್ದರೆ ಉದ್ದನೆಯ ಒಣಹುಲ್ಲು, ತೆಂಗಿನ ನಾರು, ಪ್ಲಾಸ್ಟಿಕ್ ದಾರ ಏನೋ ಸುತ್ತಿಕೊಂಡಿದೆ. ಕಾಳು ನಿಲ್ಲಿಸಿ. ಅರ್ಧ ಚಮಚ ಕೊಬ್ಬರಿ ಎಣ್ಣೆಯನ್ನು ಹನಿಹನಿಯಾಗಿ ನುಂಗಿಸಿ, ಐದು ನಿಮಿಷ ಬೆರಳಿನಿಂದ ಮೆಲ್ಲಗೆ ನೀವಿ. ಹೀಗೆ ದಿನಕ್ಕೆ ಮೂರು ನಾಲ್ಕು ಸಲ. ಎರಡು ದಿನಕ್ಕೂ ಮೆತ್ತಗಾಗದಿದ್ದರೆ ಪಶುವೈದ್ಯರು ಚೀಲ ಕೊಯ್ದು ಒಳಗಿನ ಗಡ್ಡೆ ತೆಗೆಯಬೇಕಾಗುತ್ತದೆ. ಚೀಲ ಗಟ್ಟಿಯಿಲ್ಲದೆ ಬುಳುಬುಳು ಅಂದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಮೇವು ಹುದುಗಿದೆ. ಈ ಕೋಳಿಗೆ ಬೆಲ್ಲದ ನೀರು ಬೇಡ, ಸಿಹಿ ಸಿಕ್ಕರೆ ಹುದುಗು ಏರುತ್ತದೆ. ಅರ್ಧ ದಿನ ಮೇವು ಕೊಡದೆ ಕುಡಿಯಲು ಬರೀ ನೀರಿಟ್ಟು ವೈದ್ಯರಿಗೆ ತೋರಿಸಿ. ತಲೆಕೆಳಗು ಹಿಡಿದು ಕಕ್ಕಿಸುವವರಿದ್ದಾರೆ, ಬಹಳ ಕೋಳಿಗಳು ಹಾಗೆಯೇ ಉಸಿರುಗಟ್ಟುತ್ತವೆ.

ಮೊಟ್ಟೆಯಿಡುವ ಹೇಂಟೆ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತು, ಗೂಡಿಗೆ ಹೋಗಿ ಬಂದು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಮೊಣಕೈಗೆ ಹಿತವಾಗುವಷ್ಟು ಬಿಸಿಯ ನೀರನ್ನು ಬೋಗುಣಿಯಲ್ಲಿ ಹೊಟ್ಟೆ ಮುಳುಗುವಷ್ಟು ಹಾಕಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಟವೆಲಿನಿಂದ ಚೆನ್ನಾಗಿ ಒರೆಸಿ, ಗುದದ್ವಾರದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿನ ಕತ್ತಲು ಜಾಗದಲ್ಲಿ ಬಿಡಿ. ಹೊಟ್ಟೆ ಒತ್ತಿ ಮೊಟ್ಟೆ ಹೊರಡಿಸಲು ಹೋಗಬೇಡಿ, ಒಳಗೆ ಒಡೆದರೆ ಚಿಪ್ಪು ಕೊಯ್ಯುತ್ತದೆ. ನಾಲ್ಕಾರು ಗಂಟೆ ಬಿಟ್ಟು ಇನ್ನೊಮ್ಮೆ ಕೂರಿಸಬಹುದು. ಮರುದಿನಕ್ಕೂ ಬಾರದಿದ್ದರೆ, ಅಥವಾ ಅದಕ್ಕೂ ಮೊದಲೇ ಕುತ್ತಿಗೆ ಬಾಗಿ ಸೋತರೆ, ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗುತ್ತದೆ. ಇದು ಮರುಕಳಿಸದಿರಲು ಕಪ್ಪೆಚಿಪ್ಪನ್ನೋ ಹುರಿದ ಮೊಟ್ಟೆಯ ಸಿಪ್ಪೆಯನ್ನೋ ತರಿಯಾಗಿ ಕುಟ್ಟಿ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟನ್ನು ಅದೇ ಆರಿಸಿ ತಿನ್ನುತ್ತದೆ.

ಹಿಕ್ಕೆಯ ಮೇಲಿನ ಬಿಳಿ ಸುಣ್ಣದಂಥದ್ದು ಅದರ ಮೂತ್ರ, ಹೆದರಬೇಡಿ. ಮೇವು ಬಿಟ್ಟ ಕೋಳಿಯ ಹಿಕ್ಕೆ ಹಸಿರಾಗುವುದೂ ಉಂಟು. ರಕ್ತ ಕಂಡರೆ, ಅದರಲ್ಲೂ ಮಳೆಗಾಲದಲ್ಲಿ ಒದ್ದೆ ನೆಲದ ಮರಿಗಳಲ್ಲಿ, ಅದು ರಕ್ತಭೇದಿ. ಆಂಪ್ರೋಲಿಯಂ 20 ಪರ್ಸೆಂಟ್ ಪುಡಿ ಲೀಟರ್ ನೀರಿಗೆ 1.2 ಗ್ರಾಂ, ಐದು ದಿನ, ಕುಡಿಯಲು ಬೇರೆ ನೀರು ಇಡದೆ. ಜೊತೆಗೆ ಬಿ ವಿಟಮಿನ್ ಟಾನಿಕ್ ಕೊಡಬೇಡಿ, ಅದರಲ್ಲಿನ ಬಿ1 ಈ ಮದ್ದಿನ ಕೆಲಸ ಕೆಡಿಸುತ್ತದೆ. ತಲೆಯ ಮೇಲೆ ಗುಳ್ಳೆ ಎದ್ದು ಹಕ್ಕಳೆಗಟ್ಟಿದರೆ ಅದು ಕೋಳಿ ಸಿಡುಬು. ಹಕ್ಕಳೆ ಕೀಳದೆ ಅರಿಸಿನ, ಬೇವಿನೆಣ್ಣೆ ಹಚ್ಚಿ, ಅದನ್ನು ಹರಡುವ ಸೊಳ್ಳೆಯನ್ನು ತಡೆಯಿರಿ.

ಹಸಿರು ಭೇದಿ, ಗೊರಗೊರ ಉಸಿರು, ಕತ್ತು ತಿರುಚಿಕೊಳ್ಳುವುದು, ಒಂದರ ಹಿಂದೆ ಒಂದು ಬೀಳುವುದು ಕಂಡರೆ ಅದು ಕೊಕ್ಕರೆ ರೋಗದ ಲಕ್ಷಣ. ರಾಣಿಖೇತ್ ಎನ್ನುವುದೂ ಅದನ್ನೇ. ವೈರಸ್ ಕಾಯಿಲೆ, ಮದ್ದಿಲ್ಲ. ಲಸಿಕೆಯೇ ಗತಿ: ಮರಿ ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ನಾಲ್ಕನೇ ವಾರ ಮತ್ತೊಮ್ಮೆ ಹನಿ, ಎಂಟು ಹತ್ತನೇ ವಾರ ರೆಕ್ಕೆಯ ಕೆಳಗೆ ಆರ್‌2ಬಿ ಎಂಬ ಲಸಿಕೆಯ ಚುಚ್ಚುಮದ್ದು. ಒಂದು ಸೀಸೆ ಹತ್ತಾರು ಮನೆಯ ಕೋಳಿಗೆ ಸಾಕು, ಕಲಸಿದ ಮೇಲೆ ಬೇಗ ಮುಗಿಸಬೇಕು. ಅದಕ್ಕೇ ಅಕ್ಕಪಕ್ಕದವರು ಸೇರಿ ಒಂದೇ ದಿನ ಹಾಕಿಸಿದರೆ ಚೆಂದ. ಹಲವು ಕೋಳಿ ಒಟ್ಟಿಗೆ ಸತ್ತರೆ ಮಾರಬೇಡಿ, ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರವೂ ಹೀಗೆಯೇ ಕಾಣುತ್ತದೆ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ.

ಮದ್ದು ನಡೆಯುವಾಗ ಆ ಹೇಂಟೆಯ ಮೊಟ್ಟೆ ತಿನ್ನಬೇಡಿ, ನಿಲ್ಲಿಸಿದ ಮೇಲೂ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ. ಚೇತರಿಸಿಕೊಂಡದ್ದನ್ನು ಹಗಲಲ್ಲಿ ಗುಂಪಿಗೆ ಬಿಟ್ಟರೆ ಕುಟುಕಿ ಗಾಯ ಮಾಡುತ್ತವೆ. ಒಂದೆರಡು ದಿನ ಕುಕ್ಕೆಯಲ್ಲೇ ಅವುಗಳ ಕಣ್ಣಿಗೆ ಕಾಣುವಂತೆ ಇಟ್ಟು, ಕತ್ತಲಾದ ಮೇಲೆ ಗಳುವಿನ ಮೇಲೆ ಕೂರಿಸಿ. ಕುಕ್ಕೆಯನ್ನು ಸೋಪಿನಲ್ಲಿ ತಿಕ್ಕಿ ತೊಳೆದು ಮೂರು ದಿನ ಬಿಸಿಲಿಗೆ ಹಾಕಿ, ರಟ್ಟಿನ ಡಬ್ಬಿಯಾದರೆ ಸುಟ್ಟುಬಿಡಿ.