ಮೀನುಗಾರಿಕೆ ಅಧಿಕಾರಿಯಾಗಲು ಪಿಯುಸಿಯಿಂದಲೇ ತಯಾರಿ

ಕರ್ನಾಟಕದಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕರ ಹುದ್ದೆಗೆ ಬೇಕಾದ ಪದವಿ ಬಿಎಫ್ಎಸ್ಸಿ, ಅಂದರೆ 4 ವರ್ಷದ ಮೀನುಗಾರಿಕೆ ವಿಜ್ಞಾನ. ಹಲವರು ಎಡವುವುದು ಇಲ್ಲೇ: ಪ್ರಾಣಿಶಾಸ್ತ್ರದ ಬಿಎಸ್ಸಿ ಸಾಕು ಎಂದುಕೊಳ್ಳುತ್ತಾರೆ. ಹಾಗಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ತೆಗೆದುಕೊಳ್ಳಿ, ಸಿಇಟಿ ಬರೆಯಿರಿ. ಕೃಷಿಕರ ಕೋಟಾ ಬೇಕಿದ್ದರೆ ಪ್ರಾಯೋಗಿಕ ಪರೀಕ್ಷೆಯೂ ಇದೆ; ಪ್ರಮಾಣಪತ್ರಗಳನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಈಗ ಅದು ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವವನ್ನು ಹಾಜರಾತಿಗೆಂದು ಮುಗಿಸಬೇಡಿ. ಮುಂದೆ ಕೆರೆಯ ದಂಡೆಯಲ್ಲಿ ರೈತರು ಕೇಳುವುದೆಲ್ಲ ಅಲ್ಲಿನ ಪಾಠವೇ.

ಉದಾಹರಣೆಗೆ, ನೀರಿನಲ್ಲಿ ಕರಗಿದ ಆಮ್ಲಜನಕದ ಪರೀಕ್ಷೆ. ಬಾಟಲಿಯನ್ನು ನೀರೊಳಗೇ ತುಂಬಿ ಅಲ್ಲೇ ಮುಚ್ಚಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಅಳತೆ ಸುಳ್ಳಾಗುತ್ತದೆ. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಹಾಕಿದಾಗ ಕಂದು ಬಣ್ಣದ ಗಸಿ ಕಂಡರೆ ಆಮ್ಲಜನಕವಿದೆ. ಬಿಳಿಯಾಗಿಯೇ ಉಳಿದರೆ ಇಲ್ಲ. ಮಾದರಿಯನ್ನು ಬೆಳಗಿನ ಜಾವ ತೆಗೆಯಿರಿ, ಮೀನು ಉಸಿರುಗಟ್ಟುವುದು ಆಗಲೇ. ಮಧ್ಯಾಹ್ನದ ಅಂಕಿ ನಂಬಿದರೆ ಕೊಳದ ಮೀನೆಲ್ಲ ಹೋದೀತು.

ನೇಮಕಾತಿ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಮೂಲಕ. ಕನ್ನಡ ಭಾಷಾ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ. ವಿಷಯದಲ್ಲಿ ಎಷ್ಟೇ ಅಂಕ ಬಂದರೂ ಅಲ್ಲಿ ಅರ್ಹತೆ ತಪ್ಪಿದರೆ ಆಯ್ಕೆ ಇಲ್ಲ.