ಸರ್ವರ್‌ನ ಲಾಗ್ ವರದಿ ದಿನಾ ಮೇಲ್‌ಗೆ ಬರೋ ಹಾಗೆ ಮಾಡೋದು

ಮಂಡ್ಯದ ಒಂದು ಬೆಲ್ಲದ ಮಂಡಿಯ ಲೆಕ್ಕವೆಲ್ಲ ಉಬುಂಟು ಲಿನಕ್ಸ್ ಹಾಕಿರೋ ಸರ್ವರ್‌ನಲ್ಲಿದೆ, ನೋಡಿಕೊಳ್ಳೋನು ನಾನು. ಸಾವ್ಕಾರ್ರು ಬೆಳಿಗ್ಗೆನೇ ಫೋನ್ ಮಾಡಿ "ಎಲ್ಲ ಸರಿಯಾಗೈತೇನಪ್ಪಾ?" ಅಂತಾರೆ. ಉತ್ತರ ಕೊಡೋಕೆ ಲಾಗ್‌ವಾಚ್ ಅನ್ನೋ ಪ್ರೋಗ್ರಾಂ ಸಾಕು: ಹಿಂದಿನ ದಿನದ ಲಾಗೆಲ್ಲ (ಏನೇನಾಯ್ತು ಅಂತ ಸರ್ವರ್ ಬರೆದಿಡೋ ದಾಖಲೆ) ಓದಿ, ಸಾರಾಂಶ ಮಾಡಿ ಮೇಲ್ ಹಾಕುತ್ತೆ.

ಅದಕ್ಕೂ ಮುಂಚೆ ಮೇಲ್ ಹೋಗೋ ದಾರಿ ಮಾಡಿಕೊಳ್ಳಿ. ನೇರ ಲಾಗ್‌ವಾಚ್ ಹಾಕೋಕೆ ಹೋದರೆ ಉಬುಂಟು ಜೊತೆಗೆ ಪೋಸ್ಟ್‌ಫಿಕ್ಸ್ ಅನ್ನೋ ಪೂರ್ತಿ ಮೇಲ್ ಸರ್ವರನ್ನೂ ಎಳ್ಕೊಂಡು ಬರುತ್ತೆ. ದಿನಕ್ಕೊಂದು ಮೇಲ್‌ಗೆ ಅಷ್ಟು ದೊಡ್ಡ ಸಾಮಾನು ಯಾಕೆ? ಮೊದಲು ಎಂಎಸ್‌ಎಂಟಿಪಿ (ಮೇಲ್ ಕಳಿಸೋದಷ್ಟೇ ಮಾಡೋ ಸಣ್ಣ ಪ್ರೋಗ್ರಾಂ), ಬೇರೆ ಪ್ರೋಗ್ರಾಂಗಳ ಮೇಲನ್ನ ಅದಕ್ಕೆ ತಲುಪಿಸೋ ಅದರ ಎಂಟಿಎ ಪ್ಯಾಕೇಜು, ಎರಡನ್ನೂ ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್ ಆಪ್ಟ್‌ನಲ್ಲಿ ಹಾಕಿ. ಇಟಿಸಿ ಫೋಲ್ಡರ್‌ನ ಎಂಎಸ್‌ಎಂಟಿಪಿಆರ್‌ಸಿ ಫೈಲಲ್ಲಿ ಜಿಮೇಲ್‌ನ ಎಸ್‌ಎಂಟಿಪಿ ಹೋಸ್ಟ್ (ಮೇಲ್ ಕಳಿಸೋ ಸರ್ವರ್‌ನ ವಿಳಾಸ), ಪೋರ್ಟ್ 587, ಟಿಎಲ್‌ಎಸ್ (ಗೂಢಲಿಪಿ) ಆನ್, ಆಥ್ (ಲಾಗಿನ್) ಆನ್ ಅಂತ ಬರೆಯಿರಿ. ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ಗೂಗಲ್ ಖಾತೆಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಳ್ಳಿ. ಅದು ಫೈಲಲ್ಲಿ ಬಿಚ್ಚಿಟ್ಟ ಹಾಗೇ ಇರುತ್ತೆ, ಆದ್ದರಿಂದ ಫೈಲ್ ರೂಟ್ (ಸರ್ವರ್‌ನ ಮುಖ್ಯ ಬಳಕೆದಾರ) ಹೆಸರಲ್ಲಿರಲಿ, ಬೇರೆಯವರು ಓದದ ಹಾಗೆ ಪರ್ಮಿಶನ್ 600 ಮಾಡಿ.

ಈಗ ಲಾಗ್‌ವಾಚ್ ಹಾಕಿ. ಇಟಿಸಿಯ ಲಾಗ್‌ವಾಚ್ ಒಳಗಿನ ಕಾನ್ಫ್ ಫೋಲ್ಡರ್‌ನಲ್ಲಿ ಲಾಗ್‌ವಾಚ್ ಡಾಟ್ ಕಾನ್ಫ್ ಅನ್ನೋ ಫೈಲ್ ಮಾಡಿ. ಮೇಲ್‌ಟು ಎದುರು ನಿಮ್ಮ ಪೂರ್ತಿ ವಿಳಾಸ ಬೇಕು. ಬರೀ ರೂಟ್ ಅಂತ ಬಿಟ್ಟರೆ ಜಿಮೇಲ್‌ಗೆ ಯಾವ ರೂಟು ಅಂತ ಗೊತ್ತಾಗಬೇಕು? ಡೀಟೇಲ್ ಲೋ ಇರಲಿ. ಹೈ ಇಟ್ಟರೆ ಮಾರುದ್ದ ಬರುತ್ತೆ, ವಾರ ಕಳೆಯೋದರೊಳಗೆ ಓದೋದೇ ಬಿಡ್ತೀರ. ಸುಡೋ (ರೂಟ್ ಅಧಿಕಾರ ಕೊಡೋ ಕಮಾಂಡ್) ಜೊತೆ ಲಾಗ್‌ವಾಚ್ ಓಡಿಸಿ, ಔಟ್‌ಪುಟ್ ಮೇಲ್, ರೇಂಜ್ ಟುಡೇ ಅಂತ ಕೊಟ್ಟು ಒಮ್ಮೆ ಪರೀಕ್ಷೆ ಮಾಡಿ.

ವರದೀಲಿ ನಾನು ಮೊದಲು ನೋಡೋದು ಕೊನೇಲಿರೋ ಡಿಸ್ಕ್ ಸ್ಪೇಸ್. ಆಮೇಲೆ ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ದಾರಿ. ಸರ್ವರ್ ಇಂಟರ್‌ನೆಟ್‌ಗೆ ತೆರೆದಿದ್ದರೆ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಬಾಗಿಲು ತಟ್ಟೋರ ಸಾಲೇ ಇರುತ್ತೆ; ಅದು ಮಾಮೂಲಿ. ಯಾರು ಒಳಗೆ ಬಂದರು ಅನ್ನೋ ಪಟ್ಟೀಲಿ ಗುರುತಿಲ್ಲದ ಐಪಿ ಕಂಡರೆ ಮಾತ್ರ ತಿಂಡಿ ಬಿಟ್ಟು ಎದ್ದೇಳಿ.

ಲಾಗ್‌ವಾಚನ್ನ ದಿನಾ ಓಡಿಸೋ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸೋ ಪ್ರೋಗ್ರಾಂ) ಕೆಲಸ ಆಗಲೇ ಸೇರಿಕೊಂಡಿರುತ್ತೆ, ಹೊತ್ತು ಬೆಳಿಗ್ಗೆ 6:25. ಸರ್ವರ್ ಗಡಿಯಾರ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿದ್ದರೆ ಅದು ನಮಗೆ 11:55 ಆಗುತ್ತೆ, ಟೈಮ್‌ಝೋನ್ ಏಷ್ಯಾ ಕೋಲ್ಕತಾಗೆ ಬದಲಾಯಿಸಿ ಕ್ರಾನ್ ರೀಸ್ಟಾರ್ಟ್ ಮಾಡಿ. ಇನ್ನೊಂದು, ಆ ಹೊತ್ತಲ್ಲಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟಿದ್ದರೆ ಅವತ್ತಿನ ವರದಿ ಬರಲ್ಲ. ಅನಾಕ್ರಾನ್ ಹಾಕಿಟ್ಟರೆ ಮಿಷಿನ್ ಆನ್ ಆದಮೇಲೆ ಬಾಕಿ ಕೆಲಸ ತಾನೇ ಮುಗಿಸುತ್ತೆ.